ಪೆನ್ಸಿಲ್ ತುದಿಯ ಹೆರೆಮಣೆ

ಕಳೆದ ತಿಂಗಳು ನನಗೊಂದು ಮೆಮೋ ಬಂತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಮೊದಲನೆಯದು. ಅಪರಾಧ? ಸರಕಾರದ ಪೆನ್ಸಿಲೊಂದನ್ನು ವಾಪಸ್ ಕೊಡದಿರುವುದು.

ನಗಬೇಡಿ. ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಆಫೀಸಿನಲ್ಲಿ (ನಾನಲ್ಲಿ ಅನುವಾದಕಿ, ಕಾಸರಗೋಡಿನಿಂದ ಬರುವ ಕನ್ನಡ ಅರ್ಜಿಗಳನ್ನು ಮಲಯಾಳಕ್ಕೆ ದಾಟಿಸುವವಳು) ಹೊಸ ಪೆನ್ಸಿಲ್ ಬೇಕಾದರೆ ಹಳೆಯ ತುಂಡನ್ನು ಒಪ್ಪಿಸಬೇಕು. ಕಂಪ್ಯೂಟರ್ ಬಂದರೂ ಈ ಪದ್ಧತಿ ಹೋಗಿಲ್ಲ. ನಾನು ಒಪ್ಪಿಸದ ತುಂಡಿನ ಸೀಸದ ತುದಿಯಲ್ಲಿ ಒಂದು ಹೆರೆಮಣೆ ಇದೆ.

ಹೌದು, ತೆಂಗಿನಕಾಯಿ ತುರಿಯುವ ಹೆರೆಮಣೆಯೇ. ಊಟದ ಬಿಡುವಿನಲ್ಲಿ ಹೊಲಿಗೆ ಸೂಜಿ, ಮುರಿದ ಬ್ಲೇಡು, ಭೂತಗನ್ನಡಿ ಹಿಡಿದು ಉಸಿರು ಬಿಗಿಹಿಡಿದು ಕೊರೆದದ್ದು. ಹಲ್ಲು ಕೊರೆಯುವಾಗ ಕತ್ತು ಮುರಿದು ಮೂರು ಹಾಳಾದವು. ನಾಲ್ಕನೆಯದು ನಿಂತಿತು. ಅಮ್ಮನ ಮಣೆಯ ಅದೇ ಬಾಗು, ಅದೇ ಒಂದು ಮುರಿದ ಹಲ್ಲು. ಅಳು ಬಂತು. ಮುಚ್ಚಿಡುವುದೇಕೆ?

ಎರ್ನಾಕುಲಂನಲ್ಲಿ ಶಿಲ್ಪ ಪ್ರದರ್ಶನವಿದೆ ಎಂದು ತಿಳಿದು ಅರ್ಜಿ ಹಾಕಿದೆ. ಹತ್ತಿಯಲ್ಲಿ ಸುತ್ತಿ, ತಿಂಡಿಡಬ್ಬಿಯಲ್ಲಿಟ್ಟು, ರೈಲಿನಲ್ಲಿ ಉದ್ದಕ್ಕೂ ಮಡಿಲಲ್ಲೇ ಹಿಡಿದುಕೊಂಡು ಹೋದೆ. ಅಲ್ಲಿ ಕಲೂರಿನ ಸಭಾಂಗಣದ ನಡುವೆ ಆಳೆತ್ತರದ ಕಲ್ಲು, ಕಂಚು. ನನ್ನದು ಬಾಗಿಲ ಬಳಿ, ಬಣ್ಣ ಬಳಿದ ಉಪ್ಪಿನಕಾಯಿ ಭರಣಿಗಳ ಪಕ್ಕ. ಮುಂದೊಂದು ಚೀಟಿ: ‘ಗೃಹಿಣಿಯರ ಹವ್ಯಾಸ’.

“ಇದು ಶಿಲ್ಪ” ಎಂದೆ ಸಂಘಟಕರಿಗೆ.

“ಶಿಲ್ಪ ಅಂದರೆ ಒಂದು ಸೈಜ್ ಬೇಡವೇ ಚೇಚಿ?” ಎಂದರು ಅವರು, ಅಕ್ಕನೊಡನೆ ಮಾತಾಡುವ ಪ್ರೀತಿಯಿಂದಲೇ.

ಪೆನ್ನು ತೆಗೆದು ಚೀಟಿಗೆ ಗೀಟೆಳೆದೆ. ‘ಶಿಲ್ಪ. ಮಾಧ್ಯಮ: ಸರಕಾರದ ಪೆನ್ಸಿಲ್’ ಎಂದು ಮಲಯಾಳದಲ್ಲಿ ದಪ್ಪಗೆ ಬರೆದೆ. ಅದೇ ನೋಡಿ ಎಡವಟ್ಟು. ಯಾರೋ ಫೋಟೋ ತೆಗೆದರು. ಪೇಪರಿನಲ್ಲಿ ಬಂತು, ಚೀಟಿ ಸಮೇತ.

ಸೋಮವಾರ ಆ ಪೇಪರು ಸೂಪರಿಂಟೆಂಡೆಂಟರ ಮೇಜಿನ ಮೇಲಿತ್ತು. ಸಂಜೆಯೊಳಗೆ ಮೆಮೋ. ಎರ್ನಾಕುಲಂನಲ್ಲಿ ಗೃಹಿಣಿ, ತಿರುವನಂತಪುರದಲ್ಲಿ ಪೆನ್ಸಿಲ್ ಕಳ್ಳಿ. ನಾನು ಶಿಲ್ಪಿಯಾಗುವುದು ಯಾವ ಸ್ಟೇಷನ್ನಿನಲ್ಲಿ?

“ಎಂತ ಮಾರಾಯ್ತಿ, ಪ್ರಮೋಷನ್ ಲಿಸ್ಟಲ್ಲಿ ನಿನ್ನ ಹೆಸ್ರುಂಟು. ಆ ತುಂಡನ್ನು ಕೊಟ್ಟು ಕೈ ತೊಳ್ಕೋ” ಎಂದರು ಗಂಡ.

ನಾನು ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲೇ ಉತ್ತರಿಸುವ ಮಗಳು ಪುಸ್ತಕದಿಂದ ತಲೆಯೆತ್ತದೆ, “ಕೊಡುಕ್ಕಂಡ ಅಮ್ಮೇ” ಎಂದಳು. ಕೊಡಬೇಡ ಅಂತ. ಆ ಮಾತಿಗೆ ಅನುವಾದಕಿ ಬೇಕಾಗಲಿಲ್ಲ.

ಮೆಮೋಗೆ ಉತ್ತರವನ್ನು ಕನ್ನಡದಲ್ಲೇ ಬರೆದೆ. (ಅನುವಾದಕ್ಕೆ ನನ್ನ ಮೇಜಿಗೇ ಬಂತು. ಮಾಡಿಕೊಟ್ಟೆ, ಒಂದಕ್ಷರವೂ ಮೆತ್ತಗಾಗದಂತೆ.) “ತುಂಡನ್ನು ಒಪ್ಪಿಸಲು ಸಿದ್ಧಳಿದ್ದೇನೆ. ಆದರೆ ಸ್ವೀಕೃತಿ ಚೀಟಿಯಲ್ಲಿ ‘ಪೆನ್ಸಿಲ್ ತುಂಡು’ ಎಂದಲ್ಲ, ‘ಶಿಲ್ಪ, ಒಂದು’ ಎಂದು ಬರೆದುಕೊಡಬೇಕು.”

ಸೂಪರಿಂಟೆಂಡೆಂಟರು ಕರೆಸಿದರು. “ಅದು ಹೇಗೆ ಮೇಡಂ? ಶಿಲ್ಪ ಅಂತ ಬರೆದರೆ ಮೇಲಿನವರು ನನ್ನನ್ನು ಕೇಳುತ್ತಾರೆ.”

“ಕೇಳಲಿ ಸಾರ್. ಮೇಜಿನ ಮೇಲಿಟ್ಟು ತೋರಿಸಿ. ಭೂತಗನ್ನಡಿ ನಾನೇ ಕೊಡುತ್ತೇನೆ.”

ಅವರು ಫ್ಯಾನ್ ನೋಡಿದರು. ನಾನು ಎದ್ದು ಬಂದೆ. ಪ್ರಮೋಷನ್ ಹೋದರೆ ಹೋಗಲಿ, ಇದೇ ಕುರ್ಚಿ ನನಗೆ ಅಭ್ಯಾಸವಾಗಿದೆ.

ಇದೆಲ್ಲ ಆಗಿ ಮೂರು ವಾರವಾಯಿತು. ಹೆರೆಮಣೆ ಇನ್ನೂ ನನ್ನ ತಿಂಡಿಡಬ್ಬಿಯಲ್ಲೇ ಇದೆ. ಒಂದೇ ಒಂದು ಪದ ಬರೆಯಲು ಸರಕಾರದ ಬಳಿ ಬೇರೆ ಪೆನ್ಸಿಲ್ ಇಲ್ಲವೇ?