ಕೋಚ್ ಕೊಟ್ಟ ಮಾತು

ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ಸಿಡ್ನಿಯ ಈಜು ಸ್ಪರ್ಧೆಯೊಂದರಲ್ಲಿ ಎರಡನೆಯವಳಾಗಿ ಬಂದಳು. ಅಮೆರಿಕದ ದೊಡ್ಡ ಹೆಸರಿನ ಕಾಲೇಜೊಂದರ ಕೋಚ್ ಅಲ್ಲಿಗೆ ಬಂದಿದ್ದರು. ಪೂಲಿನ ಪಕ್ಕದಲ್ಲೇ ನನ್ನ ಕೈಕುಲುಕಿ, ಇಂಥ ಹುಡುಗಿ ನಮ್ಮ ತಂಡಕ್ಕೆ ಬೇಕು, ಅಡ್ಮಿಶನ್ ಕಚೇರಿಗೆ ನಾನೇ ಹೇಳುತ್ತೇನೆ ಎಂದರು. ಮೆಲ್ಬರ್ನ್‌ಗೆ ಮರಳಿದವನೇ ಧಾರವಾಡದ ಅಣ್ಣನಿಗೆ ಫೋನ್ ಮಾಡಿ, ಸೀಟು ಸಿಕ್ಕೇಬಿಟ್ಟಿತು ಎನ್ನುವ ಹಾಗೆ ಹೇಳಿದೆ.

ಅದೇ ತಿಂಗಳು ಅಮೆರಿಕದ್ದೇ ಇನ್ನೊಂದು ಸಣ್ಣ ಕಾಲೇಜಿನಿಂದ ಪತ್ರ ಬಂತು. ಸ್ಕಾಲರ್‌ಶಿಪ್ ಕೊಡುತ್ತೇವೆ, ಎರಡು ವಾರದೊಳಗೆ ಸಹಿ ಮಾಡಿ ಕಳಿಸಿ ಎಂದಿತ್ತು. ಮಗಳಿಗೆ ಅದೇ ಇಷ್ಟವಾಗಿತ್ತು. ಅಲ್ಲಿನ ಕೋಚ್ ಫೋನಿನಲ್ಲಿ ಈಜಿನ ಮಾತಿಗಿಂತ ಮೊದಲು, ಏನು ಓದಬೇಕೆಂದಿದ್ದೀಯಾ ಎಂದು ಕೇಳಿದ್ದರಂತೆ. ದೊಡ್ಡ ಕಾಲೇಜಿನವರು ಬರವಣಿಗೆಯಲ್ಲಿ ಏನೂ ಕೊಟ್ಟಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ಎರಡು ಮೂರು ಸಲ ಹೇಳಿದಳು.

"ಆಕಿ ಹೇಳೂದು ಒಂದೀಟು ಕೇಳ್ರಿ," ಎಂದಳು ಹೆಂಡತಿ.

"ಆ ಕಾಲೇಜಿನ ಹೆಸರು ಯಾರ ಕೇಳ್ಯಾರ?" ಎಂದೆ ನಾನು.

ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕುಳಿತು, ಬೇಡವೆನ್ನುವ ಈಮೇಲನ್ನು ನಾನೇ ಹೇಳಿ ಬರೆಸಿದೆ. ಅವಳು ತಲೆ ಎತ್ತದೆ ಟೈಪ್ ಮಾಡಿದಳು.

ಎರಡು ತಿಂಗಳಲ್ಲಿ ದೊಡ್ಡ ಕಾಲೇಜಿನ ಕೋಚ್ ಕೆಲಸ ಬಿಟ್ಟು ಬೇರೆಡೆ ಹೋದರು. ಅವರ ಜಾಗಕ್ಕೆ ಬಂದವರು ಬಹಳ ಮರ್ಯಾದೆಯಿಂದ ಬರೆದರು: ಈ ವರ್ಷ ತಂಡಕ್ಕೆ ನಾನು ಆರಿಸಿದವರ ಪಟ್ಟಿ ಬೇರೆ, ನಿಮ್ಮ ಮಗಳು ಎಲ್ಲರಂತೆ ಅರ್ಜಿ ಹಾಕಬಹುದು. ಹಾಕಿದಳು. ಸಿಗಲಿಲ್ಲ. ಸಣ್ಣ ಕಾಲೇಜಿಗೆ ನಾನೇ ಫೋನ್ ಮಾಡಿ ಬೇಡಿಕೊಂಡೆ. ಆ ಜಾಗವನ್ನು ಆಗಲೇ ಇನ್ನೊಬ್ಬ ಹುಡುಗಿಗೆ ಕೊಟ್ಟಾಗಿತ್ತು.

ಮಗಳು ಇಲ್ಲೇ ಕಾಮರ್ಸ್ ಸೇರಿದಳು. ಕೆಲವು ತಿಂಗಳು ಪೂಲಿಗೆ ಹೋಗುತ್ತಿದ್ದವಳು ಆಮೇಲೆ ಅದನ್ನೂ ನಿಲ್ಲಿಸಿದಳು. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಒಂದು ವರ್ಷದ ನಂತರ, ಅವಳನ್ನು ಸ್ಟೇಷನ್ನಿಗೆ ಬಿಡಲು ಹೊರಟಾಗ, ಆ ಈಮೇಲ್ ಬರೆಸಿದ್ದು ನನ್ನ ತಪ್ಪು ಎಂದು ಕಾರಿನಲ್ಲಿ ಒಪ್ಪಿಕೊಂಡೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲಿ ಹೇಳಿದಳು: "ಆಗಂಗಿಲ್ಲ ಅಂತ ನಾನೂ ಅನಬಹುದಿತ್ತಪ್ಪಾ."

ಹದಿನೇಳು ವರ್ಷದವಳು ನನ್ನೆದುರು ಹಾಗೆ ಹೇಗೆ ಅನ್ನುತ್ತಿದ್ದಳು? ಸ್ಟೇಷನ್ ಬಂತು. ಅವಳು ಬ್ಯಾಗ್ ಎತ್ತಿಕೊಂಡು ಇಳಿದಳು.