ಓಣಿ ಹಿಡಿದು ಹೋಗುವ ದೋಣಿ

ಬಾಗಲಕೋಟೆಯ ಹಿನ್ನೀರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಈಜು ಸ್ಪರ್ಧೆಗೆ ನಾನು ಗಡಿಯಾರ ಹಿಡಿದು ಕೂರುತ್ತಿದ್ದುದು ಆ ಊರಿನವನೇ ಆದ ಒಬ್ಬ ಅಂಬಿಗನ ದೋಣಿಯಲ್ಲಿ. ಈಜುವವರು ನೇರ ಹೋದರೂ ಅವನು ಮಾತ್ರ ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೇ ಊರಿನ ಓಣಿಗಳನ್ನೇ ಹಿಡಿದು, ಮೂಲೆಗೆ ತಿರುಗಿ ಸಾಗುತ್ತಿದ್ದ. ನಾನು ರೇಗಿದರೆ ಅವನದು ಒಂದೇ ಮಾತು: "ಮಂದಿ ಮನಿ ಮ್ಯಾಲ ಹಾಯಬಾರದ್ರೀ ಸರ."

ಒಮ್ಮೆ ಹೊರದೇಶದ ಈಜುಗಾರ್ತಿಯೊಬ್ಬಳು ನಡುನೀರಿನಲ್ಲಿ ನಿಂತುಬಿಟ್ಟಳು. ಕೆಳಗಿನಿಂದ ಖಟ್ ಖಟ್ ಸದ್ದು ಬರುತ್ತಿದೆ ಎಂದಳು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಂಬಿಗ ಹುಟ್ಟು ಕೆಳಗಿಟ್ಟು ಚಪ್ಪಲಿ ಕಳಚಿದ.

"ಅದು ನಮ್ಮ ಮನೀರಿ. ನೀರು ಬಂದ ದಿನ ಅವ್ವ ಮಗ್ಗ ಬಿಟ್ಟು ಏಳಲಿಲ್ಲ. ಸೀರಿ ಮುಗಿಸಿ ಬರ್ತೇನಿ, ನೀ ನಡಿ ಅಂದ್ಲು."

ಸ್ವಲ್ಪ ಹೊತ್ತು ನೀರಿಗೆ ಕಿವಿಗೊಟ್ಟ.

"ಇನ್ನೂ ಮುಗದಿಲ್ಲ ಕಾಣ್ತದ."