ಬಿಸಿ ಆರುವ ಮುನ್ನ ಐದನೇ ಮಹಡಿಗೆ

ನನ್ನ ಗೆಳೆಯ ರಸಮಟ್ಟ ಕಳೆದ ತಿಂಗಳ ಮೊದಲ ಶನಿವಾರ ಸಂಜೆ ಐದೂ ಮುಕ್ಕಾಲಿಗೆ ತೀರಿಕೊಂಡ. ತಾನು ಬಾಡಿಗೆಗಿದ್ದ ಕಟ್ಟಡದ ಮೆಟ್ಟಿಲ ಮೇಲೆ, ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ವಯಸ್ಸು ಐವತ್ತೊಂದು. ಕೆಲಸ ಲಿಫ್ಟ್ ರಿಪೇರಿ. ಆ ಕಟ್ಟಡದ ಲಿಫ್ಟು ನಾಲ್ಕು ತಿಂಗಳಿಂದ ಕೆಟ್ಟು ನಿಂತಿತ್ತು.

ರಸಮಟ್ಟ ಎಂಬುದು ಜೊತೆ ಕೆಲಸದವರು ಇಟ್ಟ ಹೆಸರು. ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ, ಮಟ್ಟ ತೋರಿಸುವ ಬೆರಳುದ್ದದ ಆ ಉಪಕರಣ ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಮಟ್ಟಕ್ಕೆ ನಿಲ್ಲದಿದ್ದರೆ ಯಾರಾದರೂ ಎಡವುತ್ತಾರೆ, ಎಡವುವವರು ಯಾವಾಗಲೂ ವಯಸ್ಸಾದವರೇ ಎನ್ನುತ್ತಿದ್ದ. ಹೋಟೆಲಿನ ಮೇಜು, ಆಸ್ಪತ್ರೆಯ ಮಂಚ, ಯಾವುದು ಸಿಕ್ಕರೂ ಅದರ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡುವುದು ಅವನ ಚಟ. ನನ್ನ ಮನೆಯ ಪುಸ್ತಕದ ಕಪಾಟು ಎಡಕ್ಕೆ ವಾಲಿದೆ ಎಂದು ಕಂಡುಹಿಡಿದು, ನಾನು ಬೇಡವೆಂದರೂ ಕೇಳದೆ, ಒಂದು ಭಾನುವಾರ ಬಂದು ಕಾಲಿನಡಿ ರಟ್ಟಿನ ಚೂರು ಸಿಕ್ಕಿಸಿ ಹೋದ. ಆ ರಟ್ಟು ಇನ್ನೂ ಅಲ್ಲೇ ಇದೆ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷದ ಹಿಂದೆ ಪುಸ್ತಕದ ಗಾಡಿಯ ಜೊತೆ ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾಗ ಬಾಗಿಲಾಚೆಯಿಂದ ಅವನ ದನಿ ಮೊದಲು ಕೇಳಿದ್ದು.

“ಒಳಗೆ ಎಷ್ಟು ಜನ?”

“ನಾನೊಬ್ಬನೇ.”

“ಭಯ ಆಗ್ತಿದ್ಯಾ ಸಾರ್?”

“ಇಲ್ಲ. ಪುಸ್ತಕ ಇದೆ.”

“ಹಾಗಾದ್ರೆ ನಾನು ಟೀ ಕುಡ್ಕೊಂಡು ಬರ್ತೀನಿ.”

ಹೋಗಲಿಲ್ಲ. ಹತ್ತು ನಿಮಿಷದಲ್ಲಿ ನನ್ನನ್ನು ಹೊರಗೆಳೆದ. ಗ್ರೀಸು ಮೆತ್ತಿದ ಕೈಯನ್ನು ಚಿಂದಿ ಬಟ್ಟೆಗೆ ಒರೆಸಿಕೊಳ್ಳುತ್ತಾ, “ಈ ಊರಿಗೆ ನಾನು ಹೊಸಬ ಸಾರ್. ಒಳ್ಳೆ ಪಿಜ್ಜಾ ಎಲ್ಲಿ ಸಿಗುತ್ತೆ?” ಎಂದು ಕೇಳಿದ. ಎದುರು ರಸ್ತೆಯ ಅಂಗಡಿಯ ಹೆಸರು ಹೇಳಿದೆ.

“ದುಂಡಗಿರುತ್ತಲ್ಲ, ಅದಾ?”

“ಪಿಜ್ಜಾ ಇರೋದೇ ದುಂಡಗೆ.”

ಅವನು ನನ್ನ ಗಾಡಿಯಲ್ಲಿದ್ದ ಪುಸ್ತಕಗಳನ್ನು ಮೇಲಿಂದ ಕೆಳಗೆ ನೋಡಿದ. “ಇಷ್ಟೆಲ್ಲಾ ಇಟ್ಕೊಂಡು ಏನು ಬಂತು ಸಾರ್.”

ಅವನ ಊರಿನ ಕಡೆಯ ಪಿಜ್ಜಾ ಚೌಕವಂತೆ. ಅಂಚು ಎತ್ತರವಿರುವ ಕಬ್ಬಿಣದ ತಟ್ಟೆಯಲ್ಲಿ ಬೇಯಿಸುತ್ತಾರೆ. ಹಿಟ್ಟಿನ ಮೇಲೆ ಮೊದಲು ಚೀಸು, ಅದರ ಮೇಲೆ ಟೊಮೆಟೊ ಸಾಸು, ಮೇಲೆ ಈರುಳ್ಳಿ. ಚೀಸು ತಟ್ಟೆಯ ಅಂಚಿಗೆ ಹರಿದು ಅಲ್ಲೇ ಕರ್ರಗೆ ಸುಟ್ಟುಕೊಳ್ಳಬೇಕು. ಚಾಕುವಿನಲ್ಲಿ ಕೊಯ್ಯುವುದಿಲ್ಲ, ಕತ್ತರಿಯಲ್ಲಿ ಕತ್ತರಿಸುತ್ತಾರೆ. ಇದನ್ನು ಅವನು ನನ್ನ ಮೇಜಿನ ಮೇಲಿದ್ದ ಚೀಟಿಯಲ್ಲಿ ಚಿತ್ರ ಬರೆದು, ಅಳತೆ ಹಾಕಿ, ಲಿಫ್ಟಿನ ನಕಾಶೆಯಂತೆ ವಿವರಿಸಿದ.

ಮೊದಮೊದಲು ಇದು ಹೊಸ ಊರಿಗೆ ಬಂದವನ ಹಂಬಲ, ಅಷ್ಟೇ. ನಾವಿಬ್ಬರೂ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಒಂದೊಂದು ಅಂಗಡಿಗೆ ಹೋಗುತ್ತಿದ್ದೆವು. ಒಂದು ಕಡೆ ಅವರ ಕಡೆಯ ಪಿಜ್ಜಾ ಎಂದೇ ಬೋರ್ಡು ಹಾಕಿದ್ದರು. ಸಾಸು ಪಾಯಸದಷ್ಟು ಸಿಹಿ. ಇನ್ನೊಂದು ಕಡೆ ಒಲೆಯ ಮುಂದಿದ್ದ ಹೆಂಗಸು ಇವನ ಪ್ರಶ್ನೆಗಳಿಗೆ ರೋಸಿ, “ಹಳೇ ಊರಿನ ರುಚಿ ಬೇಕಾದ್ರೆ ಹಳೇ ಊರಿಗೇ ಹೋಗ್ರೀ,” ಎಂದಳು.

“ಹೋಗ್ತಿದ್ದೆ ತಾಯಿ. ಅಲ್ಲಿ ಅಂಗಡಿ ಮುಚ್ಚಿ ಹದಿನೈದು ವರ್ಷ ಆಯ್ತು. ಅದಕ್ಕೇ ನಿಮ್ಮ ಹತ್ರ ಬೈಸಿಕೊಳ್ತಿದೀನಿ,” ಎಂದ. ಅವಳು ನಕ್ಕು ಎರಡು ತುಂಡು ಜಾಸ್ತಿ ಕೊಟ್ಟಳು. ಅದೂ ಸರಿಯಿರಲಿಲ್ಲ.

ಹಂಬಲ ತಮಾಷೆಯಾಗಿ ಉಳಿಯದಂತೆ ಮಾಡಿದ್ದು ಅವನ ಅಕ್ಕನ ಕಾಯಿಲೆ. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವರು. ತಾಯಿ ಬೇಗ ಹೋದ ಮೇಲೆ ಇವನನ್ನು ಸಾಕಿದವರು, ಐದನೇ ಮಹಡಿಯ ಆ ಮನೆಯಲ್ಲಿ ಇವನ ಜೊತೆಗೇ ಇದ್ದವರು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಿದಾಗ, “ಅವಳು ನನ್ನ ಕಾದಳು, ನಾನು ಅವಳನ್ನ ಕಾದೆ, ಬಸ್ಸು ಹೋಯ್ತು,” ಎಂದಿದ್ದ. ಹೋದ ವರ್ಷ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನೊಂದು ಆಗಬೇಕಿತ್ತು. ಆದರೆ ಅವರ ತೂಕ ಮೂವತ್ತೆಂಟು ಕೆಜಿಗೆ ಇಳಿದಿತ್ತು. ನಲವತ್ತೆರಡು ಆಗದೆ ಕೈ ಹಾಕುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಏನು ಬೇಕಾದರೂ ತಿನ್ನಲಿ, ತಿನ್ನಲಿ ಅಷ್ಟೇ ಎಂದರು.

ಅಕ್ಕ ತಿನ್ನುತ್ತಿರಲಿಲ್ಲ. ಸೂಪು, ಬೇಯಿಸಿದ ಕ್ಯಾರೆಟ್ಟು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಎಲ್ಲವನ್ನೂ ಎರಡು ಚಮಚಕ್ಕೆ ದೂಡುತ್ತಿದ್ದರು. ಒಂದು ದಿನ ನನ್ನೆದುರೇ ಹೇಳಿದರು: “ಮೆತ್ತಗಿರೋದನ್ನ ತಿಂದೂ ತಿಂದೂ ಬಾಯಿ ಸತ್ತುಹೋಗಿದೆ ಕಣೋ. ಅಪ್ಪ ಶನಿವಾರ ತರ್ತಿದ್ರಲ್ಲ, ಅದಾದ್ರೆ ತಿಂತೀನಿ.”

“ತರ್ತೀನಿ,” ಎಂದ ಇವನು, ಅದು ಕೆಳಗಿನ ಅಂಗಡಿಯಲ್ಲೇ ಇದೆ ಎಂಬಂತೆ.

ಅಪ್ಪ ಗಾಜಿನ ಕಾರ್ಖಾನೆಯಲ್ಲಿದ್ದರು. ಪಿಜ್ಜಾ ಅಂಗಡಿ ಇದ್ದದ್ದು ಕಾರ್ಖಾನೆಯ ಗೇಟಿನ ಪಕ್ಕ, ಮನೆಯಿಂದ ಎರಡು ಬಸ್ಸು ದೂರ. ಮಕ್ಕಳಿಬ್ಬರೂ ಆ ಅಂಗಡಿಯನ್ನು ಕಂಡವರೇ ಅಲ್ಲ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಅಪ್ಪ ತರುತ್ತಿದ್ದರು. ಅಕ್ಕ ಕತ್ತರಿ ಹಿಡಿದು ಕಾಯುತ್ತಿದ್ದರು. ಇಷ್ಟನ್ನು ನಾನು ನೂರು ಸಲ ಕೇಳಿದ್ದೆ. ನೂರು ಸಲ ಕೇಳಿಯೂ, ಇಷ್ಟು ಓದಿದವನಿಗೆ, ಕೇಳಬೇಕಾದ ಒಂದು ಪ್ರಶ್ನೆ ಹೊಳೆಯಲಿಲ್ಲ.

ಅಂತೂ ಅಂಗಡಿ ಸಿಕ್ಕಿತು. ಬಸ್ ಡಿಪೋದ ಹಿಂದೆ ಒಂದು ಗಲ್ಲಿಯಲ್ಲಿ, ಬೋರ್ಡೂ ಇಲ್ಲದ ಒಂದು ಬಾಗಿಲು. ಗ್ರಂಥಾಲಯಕ್ಕೆ ಬರುವ ಬಸ್ ಚಾಲಕನೊಬ್ಬ ನನಗೆ ಹೇಳಿದ್ದು. ಕಪ್ಪಾದ ಕಬ್ಬಿಣದ ತಟ್ಟೆಗಳು, ಗೂಟಕ್ಕೆ ನೇತುಹಾಕಿದ ಕತ್ತರಿ. ಕತ್ತರಿ ಕಂಡದ್ದೇ ರಸಮಟ್ಟ ನನ್ನ ತೋಳು ಹಿಡಿದುಕೊಂಡ. ಮಾಲೀಕಳು ಅವರ ಕಡೆಯವಳೇ. ಇಬ್ಬರೂ ಅರ್ಧ ಗಂಟೆ ಆ ಕಾರ್ಖಾನೆಯ ಹೊಗೆಯ ಬಗ್ಗೆ ಬಾಯಿ ಚಪ್ಪರಿಸಿ ಮಾತಾಡಿದರು. ಒಲೆಯಿಂದ ಇಳಿದ ತುಂಡನ್ನು ಬಾಯಿಗೆ ಹಾಕಿಕೊಂಡು ಅವನು ನಿಧಾನವಾಗಿ ಅಗಿದ.

“ಎಲ್ಲಾ ಇದೆ,” ಎಂದ. “ಆದ್ರೆ ಅದಲ್ಲ. ನನ್ನ ನಾಲಿಗೆ ಹಾಳಾಗಿರಬೇಕು. ಅಕ್ಕ ಹೇಳಲಿ.”

ಅಲ್ಲಿಂದ ಮನೆಗೆ ಮುಕ್ಕಾಲು ಗಂಟೆ. ಅಕ್ಕ ಒಂದು ತುತ್ತು ತಿಂದು ಹೇಳಿದರು: “ಹತ್ತಿರ ಇದೆ ಕಣೋ. ಆದ್ರೆ ಮೆತ್ತಗೆ. ಅದು ಹಲ್ಲಿಗೆ ಕೆಲಸ ಕೊಡ್ತಿತ್ತು.” ಎರಡನೇ ತುತ್ತು ತಟ್ಟೆಯಲ್ಲೇ ಉಳಿಯಿತು.

ಅವನಿಗೆ ಲೆಕ್ಕ ಸ್ಪಷ್ಟವಾಯಿತು. ದಾರಿಯಲ್ಲಿ ಆರುತ್ತಿದೆ, ಆವಿ ಕಟ್ಟಿ ಅಂಚು ಮೆತ್ತಗಾಗುತ್ತಿದೆ. ಬಿಸಿ ಬಿಸಿಯಾಗಿ ತಲುಪಿಸಿದರೆ ಆಯಿತು. ನನಗೂ ಹಾಗೇ ಅನ್ನಿಸಿತು. ಮನೆಮನೆಗೆ ಊಟ ತಲುಪಿಸುವವರು ಬೆನ್ನಿಗೆ ಹಾಕಿಕೊಳ್ಳುವ ದಪ್ಪ ಚೀಲ ಇದೆಯಲ್ಲ, ಅಂಥದ್ದೊಂದನ್ನು ಕೊಂಡುಕೊಟ್ಟೆ. ಆ ಚೀಲ ಕೊಟ್ಟದ್ದು ನಾನು. ಅದನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ.

ಮುಂದಿನ ಶನಿವಾರ ಚೀಲದಲ್ಲಿ ತಂದ. ಅಕ್ಕ, “ಇನ್ನೂ ಮೆತ್ತಗಾಯ್ತಲ್ಲೋ,” ಎಂದರು. ಆ ವಾರ ತೂಕ ಮೂವತ್ತೇಳೂವರೆ.

“ಬಸ್ಸಿನಲ್ಲಿ ಅರ್ಧ ಬಿಸಿ, ಮೆಟ್ಟಿಲಲ್ಲಿ ಅರ್ಧ ಬಿಸಿ ಹೋಗ್ತಿದೆ,” ಎಂದ ನನಗೆ. “ಬಸ್ಸು ನನ್ನ ಕೈಲಿಲ್ಲ. ಮೆಟ್ಟಿಲು ಇದೆ.”

“ನೀನು ಲಿಫ್ಟಿನವನು, ನಿನ್ನ ಮನೆ ಲಿಫ್ಟು ಸರಿಮಾಡೋಕಾಗಲ್ವಾ?”

“ಎರಡು ಗಂಟೆ ಕೆಲಸ. ಬ್ರೇಕಿನ ಕಾಯಿಲ್ ಸುಟ್ಟಿದೆ, ಇನ್ನೇನಿಲ್ಲ. ಆದ್ರೆ ನಮ್ಮ ಕಂಪನಿಗೂ ಕಟ್ಟಡದ ಮಾಲೀಕನಿಗೂ ಜಗಳ, ಕಾಂಟ್ರಾಕ್ಟ್ ಮುರಿದಿದೆ. ನಾನು ಮುಟ್ಟಿದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಅಕ್ಕನ ಆಸ್ಪತ್ರೆ ಹೋಗುತ್ತೆ.”

ಮುಟ್ಟಲಿಲ್ಲ. ಮೂರನೇ ಮಹಡಿಯಲ್ಲಿ ಹೊಲಿಗೆಯವಳೊಬ್ಬಳಿದ್ದಾಳೆ, ಬಾಗಿಲು ತೆಗೆದಿಟ್ಟೇ ಮೆಷಿನ್ ತುಳಿಯುತ್ತಾಳೆ. ಅವನು ಹತ್ತುವಾಗಲೆಲ್ಲ, “ಏನ್ ಲಿಫ್ಟಣ್ಣಾ, ಊರೋರನ್ನೆಲ್ಲಾ ನಿಂತಲ್ಲೇ ಮೇಲೇರಿಸ್ತೀಯ, ನಮ್ಮ ಮಂಡಿ ಮಾತ್ರ ಸವೆಸ್ತೀಯ,” ಎಂದು ಚುಚ್ಚುತ್ತಿದ್ದಳು. ಅವನು, “ನಿನ್ನ ಮಂಡಿಗೆ ಮೆಷಿನ್ನೇ ಸಾಕಲ್ಲ ತಂಗಿ,” ಎನ್ನುತ್ತಿದ್ದ.

ಅದರ ಮುಂದಿನ ಶನಿವಾರ ನಾನು ಜೊತೆಗೆ ಹೋಗಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳ ಎಣಿಕೆಯಿತ್ತು. ಬಸ್ ನಿಲ್ದಾಣದಿಂದ ಮನೆಯವರೆಗೆ ಅವನು ಓಡಿದನೆಂದು ಮೂಲೆಯ ಅಂಗಡಿಯವನು ಹೇಳಿದ. ಮೆಟ್ಟಿಲನ್ನೂ ಓಡಿಯೇ ಹತ್ತಿದ.

ಹೊಲಿಗೆಯವಳ ಕೂಗಿಗೆ ಜನ ಸೇರಿದರು. ಯಾರೋ ದಾರಿಗೆ ಅಡ್ಡವೆಂದು ಚೀಲವನ್ನು ಐದನೇ ಮಹಡಿಗೆ ಒಯ್ದು ಅಕ್ಕನ ಕೈಗೆ ಕೊಟ್ಟರು. ಚೀಲ ಮೊದಲು ಮೇಲೆ ಹೋಯಿತು, ಸುದ್ದಿ ಆಮೇಲೆ. ಅಕ್ಕನಿಗೆ ಇಳಿದು ಬರಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಿದರು.

ಭಾನುವಾರ ಮಧ್ಯಾಹ್ನ ಎಲ್ಲ ಮುಗಿಸಿ ಅಕ್ಕನನ್ನು ಮತ್ತೆ ಕುರ್ಚಿಯಲ್ಲೇ ಮೇಲೆ ತಂದೆವು. ಮೇಜಿನ ಮೇಲೆ, ಚೀಲದಿಂದ ತೆಗೆದಿಟ್ಟ ಪಿಜ್ಜಾ ಡಬ್ಬ ಹಾಗೇ ಇತ್ತು. ನಾನು ಎತ್ತಿ ಎಸೆಯಲು ಹೋದೆ.

“ಇರಲಿ ಬಿಡಿ,” ಎಂದರು. “ಅವನು ತಂದದ್ದು. ಆ ಕತ್ತರಿ ಕೊಡಿ.”

ತಣ್ಣಗೆ ಸೆಟೆದು ಹೋಗಿದ್ದ ತುಂಡನ್ನು ಕಷ್ಟಪಟ್ಟು ಕತ್ತರಿಸಿ ಬಾಯಿಗಿಟ್ಟರು. ತುಂಬ ಹೊತ್ತು ಅಗಿದರು. ನುಂಗಿ, ಇನ್ನೊಂದು ತುಂಡು ಕತ್ತರಿಸಿದರು.

“ಇದೇ,” ಎಂದರು.

ದುಃಖಕ್ಕೆ ಹಾಗನ್ನುತ್ತಿದ್ದಾರೆ ಎಂದುಕೊಂಡೆ. ನನಗೂ ಒಂದು ತುಂಡು ಕೊಟ್ಟರು. ಅಂಚು ಚರ್ಮದಂತೆ ಎಳೆಯುತ್ತಿತ್ತು, ಸುಟ್ಟ ಚೀಸು ಹಲ್ಲಿನಡಿ ಪಟಪಟ ಮುರಿಯಿತು, ಸಾಸು ಹಿಟ್ಟಿನೊಳಗೆ ಪೂರ್ತಿ ಇಳಿದು ಹುಳಿಯಾಗಿತ್ತು.

“ಅಕ್ಕಾ, ಅಪ್ಪ ಎಷ್ಟು ಹೊತ್ತಿಗೆ ಮನೆಗೆ ಬರ್ತಿದ್ರು?”

“ಏಳೂವರೆ.”

“ಅಂಗಡಿ?”

“ಅಂಗಡಿ ಊಟದ ಹೊತ್ತಿಗೆ ಮಾತ್ರ ತೆಗೀತಿತ್ತಂತೆ, ಕಾರ್ಖಾನೆಯೋರಿಗೆ ಅಂತ. ಹನ್ನೆರಡಕ್ಕೆ ತಗೊಂಡು ಪೆಟ್ಟಿಗೇಲಿ ಇಟ್ಟು...” ಅಷ್ಟು ಹೇಳಿ ನಿಲ್ಲಿಸಿದರು. ಕತ್ತರಿ ಕೈಯಲ್ಲೇ ಇತ್ತು. ಅಪ್ಪ ತಂದದ್ದು ಯಾವತ್ತೂ ಏಳೂವರೆ ಗಂಟೆಯಷ್ಟು ಹಳೆಯದು. ಆ ಮನೆಯಲ್ಲಿ ಯಾರೂ ಅದನ್ನು ಬಿಸಿಯಾಗಿ ತಿಂದೇ ಇರಲಿಲ್ಲ.

ಕಂಪನಿಯಿಂದ ಹೂಗುಚ್ಛ ಬಂತು. ಅದನ್ನು ತಂದವನೇ ಅವನ ಬೀಗದ ಕೈ ಗೊಂಚಲು, ಟಾರ್ಚು ಕೇಳಿ ತೆಗೆದುಕೊಂಡು ಹೋದ. ರಸಮಟ್ಟ ಅವನ ಸ್ವಂತದ್ದೆಂದು ಅಕ್ಕ ಕೊಡಲಿಲ್ಲ. ಸಾವಾದ ಕಟ್ಟಡ ಎಂದು ಮಾಲೀಕ ಹೆದರಿ ಬೇರೆ ಕಂಪನಿಯನ್ನು ಕರೆಸಿದ. ಗುರುವಾರ ಲಿಫ್ಟು ಓಡಿತು. ಎರಡು ಗಂಟೆ ಕೆಲಸ, ಅವನು ಹೇಳಿದಷ್ಟೇ. ಐದನೇ ಮಹಡಿಯಲ್ಲಿ ಅದು ನೆಲಕ್ಕಿಂತ ಒಂದು ಬೆರಳು ಕೆಳಗೆ ನಿಲ್ಲುತ್ತದೆ.

ಶನಿವಾರ ಹನ್ನೆರಡಕ್ಕೆ ನಾನು ಡಿಪೋದ ಹಿಂದಿನ ಅಂಗಡಿಯಿಂದ ತರುತ್ತೇನೆ. ಆತುರವಿಲ್ಲ. ಸಂಜೆಯವರೆಗೆ ಇಟ್ಟು ಅಕ್ಕ ತಿನ್ನುತ್ತಾರೆ. ತಿನ್ನುವಾಗ ನನ್ನ ಮುಖ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಮೊನ್ನೆ ತೂಕ ಮೂವತ್ತೊಂಬತ್ತೂವರೆ ಇತ್ತು. ಡಾಕ್ಟರಿಗೆ ಖುಷಿ.

ಹೊಲಿಗೆಯವಳನ್ನು ನಾನು ಕೇಳಬಾರದಿತ್ತೇನೋ, ಕೇಳಿದೆ. ಅವತ್ತೂ ಅವಳು ಎಂದಿನಂತೆ ಚುಚ್ಚಿದ್ದಳಂತೆ. ಅವನು ಮಾರುತ್ತರ ಕೊಡದೆ ಕೈ ಮಾತ್ರ ಎತ್ತಿ ಮೇಲೆ ಹೋದ. ಉತ್ತರ ಬರಲಿಲ್ಲವಲ್ಲ ಎಂದು ಅವಳು ಎದ್ದು ಬಾಗಿಲಿಗೆ ಬಂದಳು. ಮೆಟ್ಟಿಲು ತಿರುಗುವ ಕಡೆ ಅವನು ಗೋಡೆಗೆ ಕೈ ಊರಿ ನಿಂತಿದ್ದ. ಬೆನ್ನಿನ ಚೀಲವನ್ನು ಎರಡೂ ಕೈಯಲ್ಲಿ ಇಳಿಸಿ ಮೆಟ್ಟಿಲ ಮೇಲಿಟ್ಟ. ಆ ಮೆಟ್ಟಿಲುಗಳು ಸವೆದು ಒಂದು ಕಡೆಗೆ ಇಳಿಜಾರಾಗಿವೆ. ಚೀಲ ವಾಲಿತು. ಅವನು ಜೇಬಿನಿಂದ ಕರ್ಚೀಫು ತೆಗೆದು, ನಾಲ್ಕು ಮಡಿಕೆ ಮಾಡಿ, ತಗ್ಗಿನ ಕಡೆ ಚೀಲದ ಅಡಿಗೆ ಸೇರಿಸಿದ. ಬಗ್ಗಿ, ಕಣ್ಣು ಸಣ್ಣ ಮಾಡಿ, ಮಟ್ಟ ಸರಿಯಾಗಿದೆಯೇ ಎಂದು ನೋಡಿದ.